ಎರಡನೇ ಗೇರು

ಹೊಸ ವಾಹನ ಕೊಂಡರೆ ನಮ್ಮಲ್ಲಿ ನಾಲ್ಕೂ ಚಕ್ರದ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟು, ಕುಂಕುಮ ಹಚ್ಚಿ, ಅದರ ಮೇಲೆ ಹತ್ತಿಸಿ ಮುಂದಕ್ಕೆ ಓಡಿಸುತ್ತಾರೆ. ಹಣ್ಣು ಚಟ್ಟೆಂದು ಒಡೆದರೆ ದೃಷ್ಟಿ ಕಳೆಯಿತು ಎಂದು ಲೆಕ್ಕ. ಅಮೆರಿಕದಲ್ಲಿ ಮಾತ್ರ ನಿಂಬೆಹಣ್ಣು ಎಂದರೆ ಕಾರಿನ ಕೆಳಗಿರುವುದಲ್ಲ, ಕಾರೇ! ಕೊಂಡಂದಿನಿಂದ ರಿಪೇರಿಗೆ ಬರುವ, ಎಷ್ಟು ಸಲ ತಿದ್ದಿದರೂ ಸರಿಹೋಗದ ಕಾರಿಗೆ ಅಲ್ಲಿನವರು ‘ಲೆಮನ್’ ಎನ್ನುತ್ತಾರೆ. ಅಂಥ ಕಾರನ್ನು ಕಂಪನಿಯೇ ವಾಪಸು ಪಡೆಯಬೇಕು, ಇಲ್ಲವೇ ಬೇರೆ ಕೊಡಬೇಕು ಎಂಬ ಕಾನೂನು 1982ರಲ್ಲಿ ಮೊದಲು ಕನೆಕ್ಟಿಕಟ್ ರಾಜ್ಯದಲ್ಲಿ ಬಂತು. ಆಮೇಲೆ ಉಳಿದ ರಾಜ್ಯಗಳಿಗೂ ಹಬ್ಬಿತು. ಅದನ್ನು ನಿಂಬೆಹಣ್ಣಿನ ಕಾನೂನು ಎಂದೇ ಕರೆಯುತ್ತಾರೆ. ನಮ್ಮಲ್ಲಿ ನಿಂಬೆಹಣ್ಣಿಗೇನೂ ಬರವಿಲ್ಲ, ಆದರೆ ಆ ಕಾನೂನು ಇಲ್ಲ. ಇರುವುದು ಗ್ರಾಹಕ ರಕ್ಷಣಾ ಕಾಯಿದೆ. ಮಿಕ್ಸಿಗೂ ಅದೇ, ಕಾರಿಗೂ ಅದೇ, ಬಣ್ಣ ಬಿಟ್ಟ ರೇಷ್ಮೆ ಸೀರೆಗೂ ಅದೇ.

ನಮ್ಮ ಕಾರು ಬಂದದ್ದು 2011ರ ಆಯುಧಪೂಜೆಯ ವಾರದಲ್ಲಿ. ಬೆಲೆ ನಾಲ್ಕು ಲಕ್ಷದ ಅರವತ್ತೆರಡು ಸಾವಿರ. ನನ್ನ ಶಾಲೆಯ ಸಂಬಳದಿಂದ ಕಂತು ಕಟ್ಟುವ ಸಾಲವಾದ್ದರಿಂದ ಕಾರು ನನ್ನ ಹೆಸರಿನಲ್ಲೇ ನೋಂದಣಿಯಾಯಿತು. ನಮ್ಮನೆಯವರಿಗೆ ಒಂದು ಕಣ್ಣಿನ ದೃಷ್ಟಿ ಮಂದ. ಹಾಗಾಗಿ ಡ್ರೈವಿಂಗೂ ನನ್ನ ಪಾಲಿಗೇ ಬಂತು. ಕಾರು ಷೋಕಿಗೆ ಕೊಂಡದ್ದಲ್ಲ. ಅತ್ತೆಗೆ ಮೂತ್ರಪಿಂಡದ ತೊಂದರೆ. ತಿಂಗಳಿಗೊಮ್ಮೆಯಾದರೂ ಮಣಿಪಾಲಕ್ಕೆ ಹೋಗಬೇಕು. ಘಟ್ಟದ ಮೇಲಿನ ನಮ್ಮೂರಿನಿಂದ ಮಣಿಪಾಲವೆಂದರೆ ಆಗುಂಬೆ ಇಳಿಯಲೇಬೇಕು. ಆ ಹದಿನಾಲ್ಕು ತಿರುವುಗಳಲ್ಲಿ ಬಸ್ಸು ವಾಲಾಡಿದರೆ ಅತ್ತೆ ಸೋಮೇಶ್ವರ ಮುಟ್ಟುವಷ್ಟರಲ್ಲಿ ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕಿ ನಿತ್ರಾಣವಾಗಿ ಬಿಡುತ್ತಿದ್ದರು.

ಡ್ರೈವಿಂಗ್ ಶಾಲೆಯ ಮೇಷ್ಟ್ರು ನನಗೆ ಹೇಳಿಕೊಟ್ಟದ್ದು ಒಂದೇ ಮಂತ್ರ: ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಅದರ ಅರ್ಥ ಇಷ್ಟೇ. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿನ ಮೇಲೆ ಭಾರ ಬೀಳುವುದಿಲ್ಲ. ಇಳಿಜಾರಿನ ಉದ್ದಕ್ಕೂ ಬ್ರೇಕನ್ನೇ ಒತ್ತುತ್ತ ಹೋದರೆ ಅದು ಕಾದು, ಕೊನೆಗೆ ಒತ್ತಿದರೂ ಹಿಡಿಯದ ಹಾಗಾಗುತ್ತದೆ. ನವೆಂಬರಿನಲ್ಲಿ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಇಳಿಯುತ್ತಿದ್ದೆ. ನಾಲ್ಕನೆಯ ತಿರುವು ಮುಗಿದಿತ್ತು. ಗೇರಿನ ಕೋಲು ಯಾರೋ ಮೆಲ್ಲಗೆ ತಳ್ಳಿದ ಹಾಗೆ ತನ್ನಷ್ಟಕ್ಕೆ ಮುಂದಕ್ಕೆ ಸರಿದು ‘ಟಕ್’ ಎಂದು ನ್ಯೂಟ್ರಲ್‌ಗೆ ಬಂದು ನಿಂತಿತು. ಎಂಜಿನ್ನಿನ ಸದ್ದು ಒಮ್ಮೆಲೆ ತಣ್ಣಗಾಯಿತು, ಕಾರು ಮಾತ್ರ ಓಡತೊಡಗಿತು. ಬ್ರೇಕು ಒತ್ತಿ, ಮತ್ತೆ ಗೇರು ಹಾಕಿ, ತಿರುವಿನಲ್ಲಿ ಗೋಡೆಯ ಬದಿಗೆ ನಿಲ್ಲಿಸಿದೆ. ಅಂಗೈ ಬೆವತಿತ್ತು.

“ಏನೇ ಅದು? ಕಾರು ಕೈಬಿಟ್ಟ ಹಾಗಾಯ್ತಲ್ಲ?” ಎಂದರು ಅತ್ತೆ.

ಅತ್ತೆ ಜನ್ಮದಲ್ಲಿ ಸೈಕಲ್ಲನ್ನೂ ತುಳಿದವರಲ್ಲ. ಆದರೆ ಈ ಕಾರಿನ ದೋಷವನ್ನು ಅವರಷ್ಟು ಸರಿಯಾಗಿ, ಅಷ್ಟು ಕಡಿಮೆ ಮಾತಿನಲ್ಲಿ ಹೇಳಿದವರು ಆಮೇಲೆ ಐದು ವರ್ಷದಲ್ಲಿ ಯಾರೂ ಸಿಗಲಿಲ್ಲ.

ಷೋರೂಮು ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ, ನಮ್ಮೂರಿನಿಂದ ಎರಡು ಗಂಟೆಯ ದಾರಿ. ಕಾರು ಮಾರುವಾಗ ಬಾದಾಮಿ ಹಾಲು ಕೊಟ್ಟ ಜಾಗದಲ್ಲಿ ಈಗ ಪ್ಲಾಸ್ಟಿಕ್ ಕುರ್ಚಿ ತೋರಿಸಿದರು. ಸರ್ವಿಸ್ ವಿಭಾಗದ ಹುಡುಗ ಮೊದಲು ಕೇಳಿದ್ದು, “ಸಾರ್ ಬಂದಿಲ್ವಾ ಮೇಡಂ?” ಎಂದು. ಕಾರು ಓಡಿಸುವುದು ನಾನು, ಗೇರು ಜಾರಿದ್ದು ನನ್ನ ಕೈಯಲ್ಲಿ, ಸಾರ್ ಬಂದು ಏನು ಹೇಳಬೇಕು? ಅವನು ಕಾರನ್ನು ಷೋರೂಮಿನ ಸುತ್ತ ಎರಡು ಸುತ್ತು ಹೊಡೆಸಿ ತಂದು, “ಏನೂ ಪ್ರಾಬ್ಲಮ್ ಇಲ್ಲ ಮೇಡಂ, ಹೊಸ ಗಾಡಿ ಅಲ್ವಾ, ಸೆಟ್ ಆಗ್ಬೇಕು” ಎಂದ. ಮುಂದಿನ ಸಲ, “ನೀವು ಗೇರಿನ ಮೇಲೆ ಕೈ ಇಟ್ಕೊಂಡೇ ಓಡಿಸ್ತೀರಾ?” ಎಂದು ಕೇಳಿದ. ಅದರ ಮುಂದಿನ ಸಲ, “ಹಾಫ್ ಕ್ಲಚ್ಚಲ್ಲಿ ಓಡಿಸ್ತೀರಾ ಅನ್ಸುತ್ತೆ, ಲೇಡೀಸು ಜಾಸ್ತಿ ಹಾಗೇ ಮಾಡೋದು” ಎಂದ. ನಾಲ್ಕನೆಯ ಸಲ ಕ್ಲಚ್ ಪ್ಲೇಟು ಬದಲಾಯಿಸಿ ಆರು ಸಾವಿರದ ಎಂಟುನೂರು ರೂಪಾಯಿಯ ಬಿಲ್ಲು ಕೈಗಿತ್ತ. ವಾರಂಟಿ ಇದೆಯಲ್ಲ ಎಂದರೆ, ಕ್ಲಚ್ ಪ್ಲೇಟು ಸವೆಯುವ ಸಾಮಾನು, ಬ್ರೇಕಿನ ಪ್ಯಾಡಿನ ಹಾಗೆ, ವಾರಂಟಿಗೆ ಬರುವುದಿಲ್ಲ ಎಂದು ಪುಸ್ತಕದ ಹಿಂದಿನ ಪುಟ ತೋರಿಸಿದ. ಪುಟದಲ್ಲಿ ಹಾಗೇ ಇತ್ತು, ಸಾಸಿವೆಯಷ್ಟು ದೊಡ್ಡ ಅಕ್ಷರದಲ್ಲಿ. ಕ್ಲಚ್ಚು ಹೊಸದಾಯಿತು. ಆ ತಿಂಗಳು ಗೇರು ಮತ್ತೆ ಜಾರಿತು.

ಕಾರನ್ನು ವಾಪಸು ಕೊಡುವಾಗ ಪ್ರತಿ ಸಲ ಒಂದು ಚೀಟಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಕೆಲಸ ನನಗೆ ತೃಪ್ತಿಯಾಗುವಂತೆ ಆಗಿದೆ ಎಂದು ಅದರಲ್ಲಿ ಮೊದಲೇ ಅಚ್ಚಾಗಿರುತ್ತದೆ. ಸಹಿ ಹಾಕದೆ ಕೀಲಿ ಸಿಗದು. ಇಪ್ಪತ್ತು ವರ್ಷ ಅಂಕಪಟ್ಟಿಗೆ ಸಹಿ ಹಾಕಿದ ಕೈ ನನ್ನದು. ಓದದೆ ಸಹಿ ಹಾಕುವ ಅಭ್ಯಾಸ ಅದಕ್ಕಿಲ್ಲ. ‘ಎರಡನೇ ಗೇರು ಇಳಿಜಾರಿನಲ್ಲಿ ಜಾರುವ ದೋಷ ಹಾಗೇ ಇದೆ’ ಎಂದು ಅಚ್ಚಾದ ಸಾಲಿನ ಮೇಲೆ ಕನ್ನಡದಲ್ಲಿ ದುಂಡಗೆ ಬರೆದು, ಕೆಳಗೆ ಸಹಿ ಹಾಕಿ, ಇಸವಿ ತಾರೀಖು ನಮೂದಿಸಿ ಕೊಡುತ್ತಿದ್ದೆ. ಹುಡುಗ ಗೊಣಗುತ್ತಿದ್ದ. ಆದರೆ ಹಾಗೆ ಬರೆಯಬಾರದು ಎಂದು ಅವನ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಇನ್ನೊಂದು, ಹಾಲಿನ ಲೆಕ್ಕದ ಪುಸ್ತಕ. ನಿಮ್ಮ ಮನೆಯಲ್ಲೂ ಇರುತ್ತದೆ. ಹಾಲಿನವನು ಬಾರದ ದಿನ, ಇಸ್ತ್ರಿಗೆ ಕೊಟ್ಟ ಬಟ್ಟೆ, ಗ್ಯಾಸು ಬುಕ್ ಮಾಡಿದ ತಾರೀಖು ಎಲ್ಲ ಬರೆದಿಡುವ, ಮೂಲೆ ಮಡಚಿದ ನೋಟ್ ಪುಸ್ತಕ. ಅದರ ಹಿಂಬದಿಯಿಂದ ಕಾರಿನ ಲೆಕ್ಕ ಶುರು ಮಾಡಿದೆ. ಗೇರು ಜಾರಿದ ದಿನ, ಜಾಗ, ಮೀಟರು ತೋರಿಸಿದ ಕಿಲೋಮೀಟರು, ಹೊರಟು ಎಷ್ಟು ಹೊತ್ತಾಗಿತ್ತು, ಹತ್ತುತ್ತಿದ್ದೆನೋ ಇಳಿಯುತ್ತಿದ್ದೆನೋ. ಏನೋ ದೊಡ್ಡ ಯೋಚನೆ ಇಟ್ಟುಕೊಂಡು ಬರೆದದ್ದಲ್ಲ. ಹಾಲಿನವನಿಗೆ ಮೂರು ದಿನ ನಾಗಾ ಆಯಿತು ಎಂದು ತೋರಿಸಬೇಕಾದರೆ ಬರೆದಿಡಬೇಕು, ಬಾಯಿಮಾತಿಗೆ ಬೆಲೆಯಿಲ್ಲ ಎಂಬುದು ಯಾವ ಗೃಹಿಣಿಗೆ ಗೊತ್ತಿಲ್ಲ? ಇಪ್ಪತ್ತೈದು ಸಲದ ಲೆಕ್ಕ ಸೇರಿದಾಗ ಒಂದು ದಿನ ಸುಮ್ಮನೆ ಕಣ್ಣಾಡಿಸಿದೆ. ಹೊರಟು ಅರ್ಧ ಗಂಟೆಯೊಳಗೆ ಗೇರು ಜಾರಿದ್ದು ಒಂದು ಸಲವೂ ಇಲ್ಲ. ಹತ್ತುವಾಗ ಜಾರಿದ್ದೂ ಇಲ್ಲ. ಎಂಜಿನ್ನು ಚೆನ್ನಾಗಿ ಕಾದಮೇಲೆ, ಇಳಿಜಾರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಮಾತ್ರ. ಷೋರೂಮಿನ ಸುತ್ತ ಸಮತಟ್ಟು ರಸ್ತೆಯಲ್ಲಿ ಐದು ನಿಮಿಷ ಓಡಿಸಿದರೆ ಅದು ಕಾಣುವುದಾದರೂ ಹೇಗೆ? ಇದನ್ನು ಹೇಳಿದೆ. “ಮೇಡಂ ಸೈನ್ಸ್ ಟೀಚರಾ?” ಎಂದು ನಕ್ಕರು. ನಾನು ಕನ್ನಡ ಮೇಡಂ.

ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಸಲ ಕಾರು ಒಯ್ದೆ. ಹನ್ನೊಂದು ಜಾಬ್ ಕಾರ್ಡು. ಹತ್ತರಲ್ಲಿ ದೋಷ ಕಂಡುಬಂದಿಲ್ಲ, ಒಂದರಲ್ಲಿ ಕ್ಲಚ್ ಪ್ಲೇಟು. ಅಷ್ಟರಲ್ಲಿ ಅತ್ತೆಯನ್ನು ಮಣಿಪಾಲಕ್ಕೆ ಟ್ಯಾಕ್ಸಿಯಲ್ಲಿ ಕರೆದೊಯ್ಯುವುದು ರೂಢಿಯಾಗಿತ್ತು. ಅಂಗಳದಲ್ಲಿ ನಮ್ಮದೇ ಕಾರು ನಿಂತಿರುವಾಗ ಬಾಡಿಗೆ ಕಾರು ಹತ್ತುವುದೆಂದರೆ ಹೇಗಿರುತ್ತದೆ ಹೇಳಿ. ಟ್ಯಾಕ್ಸಿಯವರು ಬಿಲ್ಲು ಕೊಡುವುದಿಲ್ಲ. ಅವರ ಹತ್ತಿರ ಚೀಟಿ ಬರೆಸಿ ಸಹಿ ಹಾಕಿಸಿ ಅದನ್ನೂ ಪುಸ್ತಕದೊಳಗೆ ಇಡುತ್ತಿದ್ದೆ.

ಕೊನೆಗೆ 2012ರ ಡಿಸೆಂಬರಿನಲ್ಲಿ ಮಾರಿದವರಿಗೂ ತಯಾರಿಸಿದ ಕಂಪನಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಕಳಿಸಿದೆ. ಕಂಪನಿಯಿಂದ ಉತ್ತರ ಬಂತು. ತಮ್ಮ ವಾಹನದಲ್ಲಿ ತಯಾರಿಕೆಯ ದೋಷ ಯಾವುದೂ ಇಲ್ಲ, ತೊಂದರೆಗೆ ಚಾಲಕಿಯ ಅಸಮರ್ಪಕ ಚಾಲನಾ ಅಭ್ಯಾಸವೇ ಕಾರಣ ಎಂಬುದು ಅದರ ಸಾರಾಂಶ. ಆ ಕಾಗದ ಬರುವ ತನಕ ನನಗೆ ಬೇಕಿದ್ದದ್ದು ಸರಿಯಾದ ಗೇರು ಬಾಕ್ಸು ಮಾತ್ರ. ಕಾಗದ ಓದಿದ ಮೇಲೆ ಇನ್ನೊಂದು ಬೇಕಾಯಿತು. ಘಾಟಿಯಲ್ಲಿ ಗೇರು ಜಾರಿದ್ದು ನನ್ನ ಕೈಯಿಂದಲ್ಲ ಎಂದು ಯಾರಾದರೂ, ಠಸ್ಸೆ ಹೊಡೆದ ಕಾಗದದಲ್ಲಿ, ಬರೆದು ಕೊಡಬೇಕಿತ್ತು.

ಗ್ರಾಹಕರ ವೇದಿಕೆಯ ಬಗ್ಗೆ ಒಂದೆರಡು ಮಾತು. 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಯವರ ಅಂಕಿತ ಬಿದ್ದ ಕಾಯಿದೆ ಇದು. ಅದಕ್ಕೇ ಆ ದಿನವನ್ನು ಗ್ರಾಹಕರ ದಿನ ಎಂದು ಆಚರಿಸುತ್ತಾರೆ. ಕರಾವಳಿಯವರಿಗೆ ಇದು ಹೊಸತಲ್ಲ. ಬಸ್ರೂರು, ಉಡುಪಿಯ ಕಡೆ ಬಳಕೆದಾರರ ವೇದಿಕೆಯವರು ಮಾಡಿದ ಕೆಲಸ ಘಟ್ಟದ ಮೇಲಿನ ನಮಗೂ ಕೇಳಿ ಗೊತ್ತಿತ್ತು. ಈ ಕಾಯಿದೆಯಲ್ಲಿ ನನಗೆ ಮೆಚ್ಚಿಗೆಯಾದ ಸಂಗತಿ ಎರಡು. ವಕೀಲರಿಲ್ಲದೆ ನಾವೇ ನಿಂತು ಹೇಳಿಕೊಳ್ಳಬಹುದು ಎಂಬುದು ಒಂದು. ಜಿಲ್ಲಾ ವೇದಿಕೆಯ ಸದಸ್ಯರಲ್ಲಿ ಒಬ್ಬರು ಹೆಂಗಸಾಗಿರಲೇಬೇಕು ಎಂದು 1986ರ ಕಾಯಿದೆಯಲ್ಲೇ ಬರೆದಿತ್ತು ಎಂಬುದು ಇನ್ನೊಂದು. ಮಿಕ್ಸಿ, ಕುಕ್ಕರು, ಗ್ಯಾಸು ಸ್ಟವ್ವಿನ ವಿಷಯ ಬಂದಾಗ ಅರ್ಥವಾಗುವವರು ಒಬ್ಬರಾದರೂ ಇರಲಿ ಎಂದಿರಬೇಕು. ಏನೇ ಇರಲಿ, ಬರೆದವರು ಸುಖವಾಗಿರಲಿ.

ಕಾರಿನ ಬೆಲೆ, ಅದರ ಮೇಲೆ ಒಂದು ಲಕ್ಷ ಪರಿಹಾರ ಎಂದು ಕೇಳಿದ್ದರಿಂದ ನನ್ನ ದೂರು ಐದು ಲಕ್ಷದ ಮೇಲಾಯಿತು. ಅದಕ್ಕೆ ಆಗ ನಾನೂರು ರೂಪಾಯಿ ಶುಲ್ಕ. ನಾನು ಫಿರ್ಯಾದಿದಾರಳು, ಷೋರೂಮು ಒಂದನೇ ಎದುರುದಾರರು, ಕಂಪನಿ ಎರಡನೇ ಎದುರುದಾರರು. ಇಬ್ಬರನ್ನೂ ಸೇರಿಸದಿದ್ದರೆ ಮಾರಿದವರು ಮಾಡಿದವರ ಕಡೆಗೆ, ಮಾಡಿದವರು ಮಾರಿದವರ ಕಡೆಗೆ ಬೆರಳು ತೋರಿಸುತ್ತ ನಮ್ಮನ್ನು ನಡುವೆ ಒಣಗಿಸುತ್ತಾರೆ. ಇಬ್ಬರನ್ನೂ ಸೇರಿಸಿದರೂ ತೋರಿಸುತ್ತಾರೆ, ಆದರೆ ಒಂದೇ ಕೋಣೆಯಲ್ಲಿ ತೋರಿಸುತ್ತಾರೆ.

ಪರೀಕ್ಷೆ ಬೇಕಿಲ್ಲದ ದೂರು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯಿದೆ ಹೇಳುತ್ತಿತ್ತು; ಈಗಲೂ ಹೇಳುತ್ತದೆ. ನನ್ನದಕ್ಕೆ ಹತ್ತೊಂಬತ್ತು ವಾಯಿದೆಗಳು ಬಿದ್ದವು. ಎದುರುದಾರರು ತಕರಾರು ಸಲ್ಲಿಸುವುದಕ್ಕೇ ನಾಲ್ಕು ವಾಯಿದೆ. ಪ್ರತಿ ವಾಯಿದೆಗೆ ಒಂದು ಸಿ.ಎಲ್. ಕಾರಿನ ಮೇಲೆ ಕೇಸು ಹಾಕಿದವಳು ಬೆಳಗಿನ ಆರೂವರೆಯ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದೆ. ಹನ್ನೊಂದಕ್ಕೆ ಹೆಸರು ಕೂಗುತ್ತಾರೆ, “ಎದುರುದಾರರ ವಕೀಲರು ಕಾಲಾವಕಾಶ ಕೋರಿದ್ದಾರೆ” ಎನ್ನುತ್ತಾರೆ, ಮುಂದಿನ ತಾರೀಖು ಬರೆದುಕೊಂಡು ಇಳಿಯುವುದು. ಹೋಟೆಲಿನಲ್ಲಿ ಒಂದು ದೋಸೆ ತಿಂದು ಮತ್ತೆ ಬಸ್ಸು. ಆ ಎರಡು ವರ್ಷ ನಾನು ಅಣ್ಣನ ಮಗಳ ಸೀಮಂತಕ್ಕೆ ಹೋಗಲಿಲ್ಲ, ರಜೆ ಉಳಿದಿರಲಿಲ್ಲ. ಅತ್ತಿಗೆ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ವೇದಿಕೆಯಲ್ಲಿ ಸಿನಿಮಾದಲ್ಲಿ ಕಾಣುವಂಥ ಪಾಟೀಸವಾಲು ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲ ಪ್ರಮಾಣಪತ್ರದಲ್ಲಿ, ಬರಹದಲ್ಲಿ. ಎದುರುದಾರರ ವಕೀಲರು ನನಗೆ ಮೂವತ್ತೆರಡು ಪ್ರಶ್ನೆಗಳ ಪಟ್ಟಿ ಕೊಟ್ಟರು. ಲೈಸೆನ್ಸು ಯಾವಾಗ ಆಯಿತು, ಎಷ್ಟು ದಿನ ತರಬೇತಿ, ಮೊದಲ ಸಲದ ಪರೀಕ್ಷೆಯಲ್ಲೇ ಪಾಸಾದಿರೋ. ಇದೆಲ್ಲ ಸರಿ. ಇಪ್ಪತ್ತೊಂದನೆಯದು: ವಾಹನ ಚಲಾಯಿಸುವಾಗ ಸೀರೆ ಉಡುತ್ತೀರಾ? ಇಪ್ಪತ್ತೆರಡನೆಯದು: ಸೀರೆಯ ನೆರಿಗೆ ಕ್ಲಚ್ಚಿಗೆ ತೊಡರಿ ಗೇರು ಜಾರಿರಬಹುದು ಎಂಬುದನ್ನು ಅಲ್ಲಗಳೆಯುತ್ತೀರಾ? ಅದನ್ನು ಓದಿ ಮೊದಲು ನಗು ಬಂತು, ಆಮೇಲೆ ಬಸ್ಸಿನಲ್ಲಿ ಕೂತಾಗ ಕಣ್ಣು ಮಂಜಾಯಿತು. ಸೀರೆ ಉಟ್ಟೇ ಅಮ್ಮ ಒರಳು ರುಬ್ಬಿದ್ದಾಳೆ, ಬಾವಿಯಿಂದ ನೀರು ಸೇದಿದ್ದಾಳೆ, ಅಡಿಕೆ ಸುಲಿದಿದ್ದಾಳೆ. ಅದರ ನೆರಿಗೆ ಯಾರ ಕೆಲಸಕ್ಕೂ ಅಡ್ಡ ಬಂದದ್ದು ಕೇಳಿಲ್ಲ. ಉತ್ತರ ಬರೆದೆ: ಕ್ಲಚ್ಚು ಕಾಲಿನ ಬುಡದಲ್ಲಿದೆ, ಗೇರಿನ ಕೋಲು ಎಡಗೈಯ ಬದಿಯಲ್ಲಿದೆ, ಕ್ಲಚ್ಚು ಒತ್ತಿದ ಮಾತ್ರಕ್ಕೆ ಗೇರು ತಾನಾಗಿ ಕಳಚುವಂಥ ಕಾರು ಇದ್ದರೆ ಅದೇ ದೋಷ.

ನಡುವೆ ರಾಜಿಯ ಮಾತೂ ಬಂತು. ಆ ವಕೀಲರು ವಯಸ್ಸಾದವರು, ಸಭ್ಯರು. ಪ್ರಶ್ನಾವಳಿ ಅವರ ಜೂನಿಯರ್ ಬರೆದದ್ದಂತೆ. ಜಗಲಿಯಲ್ಲಿ ಕಾಫಿ ಕೊಡಿಸಿ, “ತಂಗೀ, ಎರಡು ವರ್ಷ ಫ್ರೀ ಸರ್ವೀಸು, ಸೀಟು ಕವರು, ಹೊಸ ಟೇಪ್ ರೆಕಾರ್ಡರು ಹಾಕಿಸಿಕೊಡ್ತಾರೆ. ಕೇಸು ವಾಪಸು ತಗೋ. ದೊಡ್ಡ ಕಂಪನಿ, ಅಪೀಲಿಗೆ ಹೋಗ್ತಾರೆ” ಎಂದರು. ಮನೆಯಲ್ಲಿ ಇವರೂ, “ಒಪ್ಪಿಕೊಳ್ಳೇ, ಸಾಕು ಈ ಅಲೆದಾಟ” ಎಂದರು. ಗೇರು ಬಾಕ್ಸಿನ ಮಾತೇ ಇಲ್ಲವಲ್ಲ ಎಂದೆ. ಜಾರುವ ಗೇರಿನ ಕಾರಿಗೆ ಹೊಸ ಸೀಟು ಕವರು ಹಾಕಿಸಿಕೊಂಡು ಆಗುಂಬೆ ಇಳಿಯಬೇಕೇ? ಇವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅತ್ತೆಯೇ, “ಅವಳು ಹೋಗ್ಲಿ ಬಿಡೋ. ಕೈಬಿಟ್ಟಾಗ ಒಳಗೆ ಕೂತಿದ್ದೋಳು ನಾನು” ಎಂದರು.

ಕಾನೂನಿನ ಗಂಟು ಇನ್ನೊಂದು ಕಡೆ ಇತ್ತು. 2006ರಲ್ಲಿ ಸುಪ್ರೀಂ ಕೋರ್ಟು ಕ್ಲಚ್ಚಿನ ದೋಷವಿದ್ದ ಕಾರೊಂದರ ವ್ಯಾಜ್ಯದಲ್ಲಿ ಒಂದು ತೀರ್ಪು ಕೊಟ್ಟಿದೆ. ಗ್ರಾಹಕರು ಜಮ್ಮು ಕಾಶ್ಮೀರದವರು. ಕಾರನ್ನೇ ಬದಲಿಸಿ ಕೊಡಿ ಎಂದು ಅಲ್ಲಿನ ರಾಜ್ಯ ಆಯೋಗ ಹೇಳಿತ್ತು. ಸುಪ್ರೀಂ ಕೋರ್ಟು ಹಾಗಲ್ಲ ಎಂದಿತು. ವಾರಂಟಿಯಲ್ಲಿ ಕೆಟ್ಟ ಭಾಗ ಬದಲಿಸುವ ಮಾತಿದೆಯೇ ಹೊರತು ಇಡೀ ಕಾರಿನ ಮಾತಿಲ್ಲ. ಭಾಗ ಬದಲಿಸಿ ಕೊಡಲಿ, ತೊಂದರೆಗೆ ಐವತ್ತು ಸಾವಿರ ಕೊಡಲಿ ಎಂದಿತು. ಎದುರುದಾರರು ನನ್ನ ಮೇಲೆ ಇದನ್ನೇ ಬ್ರಹ್ಮಾಸ್ತ್ರ ಎಂಬಂತೆ ಎತ್ತಿದರು. ನನಗೇನೋ ಅದರಲ್ಲಿ ನನ್ನ ಕಡೆಯ ಮಾತೂ ಕಂಡಿತು. ಕಾರು ಬೇಡ, ಭಾಗವನ್ನೇ ಬದಲಿಸಿ ಎಂದರೆ ಭಾಗ ಕೆಟ್ಟಿದೆ ಎಂದು ಮೊದಲು ಒಪ್ಪಿಕೊಂಡಂತಾಯಿತಲ್ಲ?

ಕೆಟ್ಟಿದೆ ಎಂದು ತೋರಿಸುವ ಭಾರ ಮಾತ್ರ ನನ್ನದೇ. ನೋಡಿದರೆ ತಿಳಿಯದ ದೋಷವಿದ್ದರೆ ಪರೀಕ್ಷೆಗೆ ಕಳಿಸಬೇಕೆಂದು ಕಾಯಿದೆ ಹೇಳುತ್ತದೆ. ಎಣ್ಣೆ, ಬೇಳೆಯಾದರೆ ಸೀಸೆಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಬಹುದು, ಕಾರನ್ನು? ನಾನು ಅರ್ಜಿ ಕೊಟ್ಟ ಮೇಲೆ ವೇದಿಕೆಯವರು ಒಂದು ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಪ್ರೊಫೆಸರರನ್ನು ಕಮಿಷನರಾಗಿ ನೇಮಿಸಿದರು. ಅವರ ಶುಲ್ಕ ಐದು ಸಾವಿರವನ್ನು ಕಟ್ಟಿದ್ದು ನಾನೇ.

ಪ್ರೊಫೆಸರರು ಸಣ್ಣ ಆಳು, ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಮಾತು ಬಹಳ ಕಡಿಮೆ. ಷೋರೂಮಿನ ಸರ್ವಿಸ್ ಮ್ಯಾನೇಜರೂ ಬಂದಿದ್ದ. ಪ್ರೊಫೆಸರರು ಮೊದಲು ನನ್ನ ಹಾಲಿನ ಪುಸ್ತಕ ಕೇಳಿದರು. ನಿಂತಲ್ಲೇ ಹತ್ತು ನಿಮಿಷ ಓದಿದರು. ನಡುನಡುವೆ ಇಸ್ತ್ರಿ ಬಟ್ಟೆಯ ಲೆಕ್ಕ ಬಂದರೆ ಪುಟ ತಿರುವಿದರು. ಆಮೇಲೆ, “ಮೊದಲು ನಲವತ್ತು ಕಿಲೋಮೀಟರು ಓಡಿಸೋಣ, ಕಾಯಲಿ” ಎಂದರು. ಅಲ್ಲೇ ಇದ್ದೊಂದು ಗುಡ್ಡದ ರಸ್ತೆಯ ನೆತ್ತಿಗೆ ಬಂದಾಗ ಅವರೇ ಸ್ಟೇರಿಂಗು ಹಿಡಿಯುತ್ತಾರೆ ಎಂದುಕೊಂಡಿದ್ದೆ. “ನೀವೇ ಇಳಿಸಿ. ಚಾಲಕಿಯ ಅಭ್ಯಾಸ ಅಂತ ಬರೆದಿದ್ದಾರಲ್ಲ, ಅದನ್ನೂ ನೋಡಬೇಕು” ಎಂದು ಪಕ್ಕದಲ್ಲಿ ಕೂತರು. ಎರಡನೇ ಗೇರು ಹಾಕಿ, ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಮುನ್ನೂರು ಅಡಿಯೂ ಹೋಗಿರಲಿಲ್ಲ, ಕೋಲು ತನ್ನಷ್ಟಕ್ಕೆ ಸರಿದು ಟಕ್ಕೆಂದಿತು. ಒಂದೂವರೆ ವರ್ಷ ಶಾಪ ಹಾಕಿದ ಸದ್ದು ಅದು; ಅವತ್ತು ಕೇಳಿದಾಗ ಮೈ ಹಗುರವಾಯಿತು. ಹಿಂದಿನ ಸೀಟಿನ ಮ್ಯಾನೇಜರು ಕಿಟಕಿಯ ಆಚೆ ನೋಡುತ್ತ ಕೂತ. ಪ್ರೊಫೆಸರರು ತಾವು ಓಡಿಸಿದರು, ಮತ್ತೆ ಜಾರಿತು. ಮ್ಯಾನೇಜರ ಕೈಯಲ್ಲೂ ಓಡಿಸಿದರು, ಅವನಿಗೂ ಜಾರಿತು. ಅವನು ಪ್ಯಾಂಟು ಹಾಕಿದ್ದ ಎಂದು ಪ್ರೊಫೆಸರರು ವರದಿಯಲ್ಲಿ ಬರೆಯಲಿಲ್ಲ, ನಾನಾಗಿದ್ದರೆ ಬರೆಯುತ್ತಿದ್ದೆ.

ಆಮೇಲೆ ಗೇರು ಬಾಕ್ಸು ಬಿಚ್ಚಿಸಿ ನನಗೂ ತೋರಿಸಿದರು. ಒಳಗೆ ಒಂದು ಉಕ್ಕಿನ ರಾಡು, ಅದರಲ್ಲಿ ಒಂದು ಗುಳಿ. ಸ್ಪ್ರಿಂಗು ಒತ್ತಿ ಹಿಡಿದ ಸಣ್ಣ ಗುಂಡೊಂದು ಆ ಗುಳಿಯಲ್ಲಿ ಕೂತರೆ ಗೇರು ಅಲ್ಲಾಡದೆ ನಿಲ್ಲುತ್ತದೆ. ಗಾಡ್ರೇಜ್ ಬೀರುವಿನ ಒಳಬಾಗಿಲ ಕ್ಯಾಚು ಇರುತ್ತದಲ್ಲ, ಅದೇ ಉಪಾಯ. ನಮ್ಮ ಕಾರಿನ ರಾಡಿನಲ್ಲಿ ಎರಡನೇ ಗೇರಿನ ಗುಳಿಯನ್ನು ಕೊರೆದದ್ದೇ ಆಳ ಸಾಲದು. ಕಾದು ಸಡಿಲ ಹೆಚ್ಚಿದಾಗ, ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ನನ್ನು ಹಿಂದಿನಿಂದ ತಳ್ಳಿದಾಗ ಗುಂಡು ಗುಳಿಯಿಂದ ಎದ್ದು ಬಿಡುತ್ತಿತ್ತು. ಸವೆದದ್ದಲ್ಲ, ಹುಟ್ಟುವಾಗಲೇ ಹಾಗೆ. ಗುಂಡು ಕಡಲೆಕಾಳಿಗಿಂತ ದೊಡ್ಡದಿರಲಿಲ್ಲ.

ವರದಿ ಬಂದ ಮೇಲೂ ವಾದವಾಯಿತು. ಅದುವರೆಗೆ ಬಾಯಿಬಿಡದಿದ್ದ ಮಹಿಳಾ ಸದಸ್ಯೆ ಹನ್ನೊಂದು ಜಾಬ್ ಕಾರ್ಡುಗಳನ್ನೂ ಇಸ್ಪೀಟಿನ ಎಲೆಗಳ ಹಾಗೆ ಮೇಜಿನ ಮೇಲೆ ಹರಡಿ, ಅದರ ಕೆಳಗಿನ ನನ್ನ ಕನ್ನಡದ ಸಾಲನ್ನು ತೋರಿಸಿ ಕೇಳಿದರು: “ಹನ್ನೊಂದು ಸಲವೂ ಇವರು ಇದೇ ವಾಕ್ಯ ಬರೆದು ಕೊಟ್ಟಿದ್ದಾರೆ. ನಿಮ್ಮ ಕಡೆಯವರು ಯಾರಾದರೂ ಇದನ್ನು ಓದಿದ್ದಾರಾ?” ವಕೀಲರು, “ಸೂಚನೆ ಪಡೆದು ತಿಳಿಸುತ್ತೇನೆ” ಎಂದರು.

2014ರ ಆಗಸ್ಟಿನಲ್ಲಿ ಆದೇಶವಾಯಿತು. ಕಾರು ಬದಲಿಸುವ ಮಾತಿಲ್ಲ, 2006ರ ತೀರ್ಪು ಅಡ್ಡ ಬಂತು. ಹೊಸ ಗೇರು ಬಾಕ್ಸು, ಅದಕ್ಕೆ ಎರಡು ವರ್ಷದ ವಾರಂಟಿ, ಕ್ಲಚ್ ಪ್ಲೇಟಿನ ದುಡ್ಡು ವಾಪಸು, ನಲವತ್ತು ಸಾವಿರ ಪರಿಹಾರ, ಐದು ಸಾವಿರ ಖರ್ಚು. ನಡುವೆ ಒಂದು ವಾಕ್ಯ: ದೋಷಕ್ಕೂ ಫಿರ್ಯಾದಿದಾರಳ ಚಾಲನೆಗೂ ಸಂಬಂಧವಿಲ್ಲ. ಆ ಪುಟವನ್ನು ಜೆರಾಕ್ಸ್ ಮಾಡಿಸಿ ಅತ್ತೆಗೆ ಓದಿ ಹೇಳಿದೆ. “ಅಷ್ಟು ದೂರ ಹೋಗಿ ಕೇಳ್ಬೇಕಿತ್ತಾ, ನಾನೇ ಹೇಳ್ತಿದ್ದೆ” ಎಂದರು.

ಅವರು ಅಪೀಲಿಗೆ ಹೋದರು. ಬೆಂಗಳೂರಿನ ರಾಜ್ಯ ಆಯೋಗದಲ್ಲಿ ಮತ್ತೆರಡು ವರ್ಷ. ತಡೆಯಾಜ್ಞೆ ಇದ್ದುದರಿಂದ ಗೇರು ಬಾಕ್ಸೂ ಬರಲಿಲ್ಲ. ಅತ್ತೆ 2015ರ ಮಳೆಗಾಲದಲ್ಲಿ ತೀರಿಕೊಂಡರು. ಕೊನೆಯ ಸಲ ಘಟ್ಟ ಇಳಿದದ್ದೂ ಟ್ಯಾಕ್ಸಿಯಲ್ಲೇ.

2016ರಲ್ಲಿ ರಾಜ್ಯ ಆಯೋಗ ಪರಿಹಾರವನ್ನು ಮೂವತ್ತು ಸಾವಿರಕ್ಕೆ ಇಳಿಸಿ ಉಳಿದದ್ದನ್ನು ಎತ್ತಿಹಿಡಿಯಿತು. ಗೆದ್ದೆ ಎಂದುಕೊಂಡು ಮೂರು ತಿಂಗಳು ಅಂಚೆಯವನ ದಾರಿ ನೋಡಿದೆ. ಏನೂ ಬರಲಿಲ್ಲ. ಆದೇಶವಾದರೆ ಆಗಲಿಲ್ಲ, ಅಮಲ್ಜಾರಿ ಅರ್ಜಿ ಎಂಬುದೊಂದು ಬೇರೆಯೇ ಹಾಕಬೇಕು. ಆದೇಶ ಪಾಲಿಸದಿದ್ದರೆ ಮೂರು ವರ್ಷದವರೆಗೆ ಸೆರೆವಾಸಕ್ಕೂ ಅವಕಾಶವಿದೆ ಎಂದು ಆ ಅರ್ಜಿಯಲ್ಲಿ ಒಂದು ಸಾಲು ಬರುತ್ತದೆ. ಅದರ ಮಹಿಮೆಯೋ ಏನೋ, ಮೂರೇ ವಾರದಲ್ಲಿ ಚೆಕ್ಕು ಬಂತು, ಗೇರು ಬಾಕ್ಸೂ ಕೂತಿತು. ಹಣದ ಲೆಕ್ಕ ಹಾಕಿದರೆ ನಾನು ಗೆದ್ದವಳಲ್ಲ. ಐದು ವರ್ಷದ ಟ್ಯಾಕ್ಸಿ, ಬಸ್ಸು, ಜೆರಾಕ್ಸು, ಪ್ರೊಫೆಸರರ ಶುಲ್ಕ ಎಲ್ಲ ಸೇರಿ ಬಂದದ್ದಕ್ಕಿಂತ ಹೆಚ್ಚೇ ಹೋಗಿದೆ. ಇವರು ಅದನ್ನು ಕಾಗದದ ಮೇಲೆ ಕೂಡಿಸಿ ತೋರಿಸಿದರು. ತೋರಿಸಲಿ, ಅವರು ಬ್ಯಾಂಕಿನವರು.

ಆಮೇಲೆ ಕಾಯಿದೆ ಬದಲಾಗಿದೆ. 2019ರ ಹೊಸ ಕಾಯಿದೆ 2020ರ ಜುಲೈಯಿಂದ ಜಾರಿಗೆ ಬಂತು; ವೇದಿಕೆ ಹೋಗಿ ಆಯೋಗವಾಯಿತು. ಈಗ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. ಕಂಪ್ಯೂಟರಿನಲ್ಲೂ ಸಲ್ಲಿಸಬಹುದು. ಐದು ಲಕ್ಷದವರೆಗಿನ ಸಾಮಾನಿಗೆ ಶುಲ್ಕವೇ ಇಲ್ಲ. ದೂರಿಗೆ ಎರಡು ವರ್ಷದ ಗಡುವು ಮಾತ್ರ ಆಗಲೂ ಇತ್ತು, ಈಗಲೂ ಇದೆ. ಎದುರುದಾರರು ಉತ್ತರ ಕೊಡಲು ಮೂವತ್ತು ದಿನ, ಹೆಚ್ಚೆಂದರೆ ಇನ್ನು ಹದಿನೈದು. ಅದರಾಚೆ ಒಂದು ದಿನವೂ ಇಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚಿನಲ್ಲಿ ಹೇಳಿತು. ನನ್ನ ನಾಲ್ಕು ವಾಯಿದೆ, ನಾಲ್ಕು ಸಿ.ಎಲ್. ನೆನಪಾಯಿತು. 2022ರ ಏಪ್ರಿಲಿನಲ್ಲಿ ಬಂದ ಇನ್ನೊಂದು ತೀರ್ಪನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದೇನೆ. ದೆಹಲಿ-ಪಾಣಿಪತ್ ಹೆದ್ದಾರಿಯಲ್ಲಿ 2017ರಲ್ಲಿ ಅಪಘಾತವಾದಾಗ ಒಂದು ಕಾರಿನ ಗಾಳಿಚೀಲ ತೆರೆದುಕೊಳ್ಳಲಿಲ್ಲ. ಹೊಡೆತದ ಬಲ ಸಾಲದೆ ತೆರೆಯಲಿಲ್ಲ 
ಎಂದು ಕಂಪನಿ ವಾದಿಸಿತು. ಗ್ರಾಹಕನೇನು ವೇಗ, ಬಲಗಳ ಲೆಕ್ಕ ಹಾಕುವ ಭೌತಶಾಸ್ತ್ರದ ಪಂಡಿತನೇ ಎಂಬ ಅರ್ಥದ ಮಾತು ಹೇಳಿ ಕೋರ್ಟು ಗ್ರಾಹಕನ ಪರ ನಿಂತಿತು. ಸೈನ್ಸ್ ಟೀಚರಾ ಎಂದು ಕೇಳಿದ ಹುಡುಗನಿಗೆ ಅದನ್ನು ಕಳಿಸೋಣವೆಂದರೆ ಅವನು ಆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು.

ಕಾರನ್ನು 2021ರಲ್ಲಿ ಮಾರಿದೆವು. ಹಳೆಯ ಕಾರಿನ ಪೇಟೆಯಲ್ಲಿ ಮಾರುವವನಿಗೆ ಎಲ್ಲ ಗೊತ್ತಿರುತ್ತದೆ, ಕೊಳ್ಳುವವನಿಗೆ ಏನೂ ಗೊತ್ತಿರುವುದಿಲ್ಲ; ಹಾಗಾಗಿ ಒಳ್ಳೆಯ ಕಾರಿಗೂ ನಿಂಬೆಹಣ್ಣಿನ ಬೆಲೆಯೇ ಸಿಗುತ್ತದೆ ಎಂದು 1970ರಲ್ಲಿ ಬರೆದ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರಿಗೆ 2001ರಲ್ಲಿ ನೊಬೆಲ್ ಬಹುಮಾನವೇ ಬಂದಿದೆ. ನಮ್ಮಲ್ಲಿಗೆ ಬಂದವರು ಎಳೆಯ ಗಂಡ ಹೆಂಡತಿ. ಹುಡುಗ ಬಾನೆಟ್ ಎತ್ತಿ ನೋಡಿ, “ಏನಾದ್ರೂ ಕಂಪ್ಲೇಂಟು ಇತ್ತಾ ಆಂಟಿ?” ಎಂದ. ಇವರು ನನ್ನ ಕಡೆ ಕಣ್ಣು ಮಾಡಿದರು. ನಾನು ಒಳಗೆ ಹೋಗಿ ಫೈಲನ್ನೇ ತಂದು ಕೊಟ್ಟೆ. ಹುಡುಗ ನಾಲ್ಕು ಹಾಳೆ ತಿರುವಿ, ಇಷ್ಟೆಲ್ಲ ಆಗಿದ್ದರೆ ಹತ್ತು ಸಾವಿರ ಕಡಿಮೆ ಮಾಡಿ ಎಂದ. ಇವರು ಹಣೆ ಚಚ್ಚಿಕೊಂಡರು. ಹುಡುಗಿ ಮಾತ್ರ ಫೈಲನ್ನು ಅವನ ಕೈಯಿಂದ ತೆಗೆದುಕೊಂಡು ಜಗಲಿಯ ಮೇಲೆ ಕೂತು, ಪ್ರೊಫೆಸರರ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು.

“ಓಡಿಸೋದು ನಾನು,” ಎಂದಳು ಆಮೇಲೆ. “ಒಂದು ಸಲ ಘಾಟಿಗೆ ಹೋಗಿ ನೋಡ್ಬಹುದಾ?”

ಕೀಲಿ ಕೊಟ್ಟೆ. ಕಾಯಿಸಿಕೊಂಡು ಇಳಿಸು ಎಂದು ಹೇಳಿ ಕಳಿಸಿದೆ.